ಪಲ್ವಂಕರ್ ಬಾಲೂ: ಧಾರವಾಡದಲ್ಲಿ ಹುಟ್ಟಿದ ಬೌಲರ್‌ನ ಬದುಕು

ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಮಲ್ಲರ ಕುಸ್ತಿ ಕೆತ್ತಿದ್ದಾರೆ. ಕಂಪ್ಲಿ ಸೀಮೆಯಲ್ಲಿ ಕುಮಾರರಾಮನ ಕಥೆ ಇಂದಿಗೂ ಬಾಯಿಂದ ಬಾಯಿಗೆ ಬರುತ್ತಿದೆ. ಬಲಶಾಲಿಗಳನ್ನು ನೆನೆಯುವುದು ನಮ್ಮ ಭಾಗದವರಿಗೆ ಹೊಸದಲ್ಲ. ಆದರೆ ಈಗ ನಮ್ಮ ಹುಡುಗರ ಆಟ ಕ್ರಿಕೆಟ್. ಕಂಪ್ಲಿ ಕಡೆಯ ಭತ್ತ ಕೊಯ್ದ ಗದ್ದೆ, ಸಂಡೂರು ಕಡೆಯ ಕೆಂಪು ಮಣ್ಣಿನ ಬಯಲು, ಹೊಸಪೇಟೆಯ ಬಡಾವಣೆಗಳ ಖಾಲಿ ಸೈಟು, ಎಲ್ಲಿ ನೋಡಿದರೂ ಮೂರು ಕಡ್ಡಿ ನೆಟ್ಟು ಆಡುವವರೇ. ಅವರಿಗೆ ಇಂದಿನ ಆಟಗಾರರ ಹೆಸರು, ರನ್ನು, ವಿಕೆಟ್ಟು ಎಲ್ಲ ಬಾಯಿಪಾಠ. ಆದರೆ ಈ ದೇಶದ ಮೊದಲ ದೊಡ್ಡ ಬೌಲರ್ ಯಾರೆಂದು ಕೇಳಿದರೆ ಉತ್ತರ ಬರುವುದು ಅಪರೂಪ. ಆತ ಹುಟ್ಟಿದ್ದು ದೂರದಲ್ಲೇನೂ ಅಲ್ಲ. ಹೊಸಪೇಟೆಯಲ್ಲಿ ರೈಲು ಹತ್ತಿ ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿದರೆ ಸಿಗುವ ಧಾರವಾಡದಲ್ಲಿ.

ಅವರ ಹೆಸರು ಪಲ್ವಂಕರ್ ಬಾಲೂ. ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂಚಿಕೆಯಲ್ಲಿ ಅವರ ಬದುಕನ್ನು ನೆನೆಯಲು ಒಂದು ಕಾರಣವಿದೆ. ತಂಡಕ್ಕೆ ಯಾರನ್ನು ತೆಗೆದುಕೊಳ್ಳಬೇಕು, ಯಾರನ್ನು ಉಳಿಸಿಕೊಳ್ಳಬೇಕು, ವಯಸ್ಸಾದವರನ್ನು ಯಾವಾಗ ಬಿಡಬೇಕು ಎಂಬ ಪ್ರಶ್ನೆ ಊರಿನ ತಂಡದಿಂದ ಹಿಡಿದು ದೇಶದ ತಂಡದವರೆಗೆ ಎಲ್ಲರನ್ನೂ ಕಾಡುತ್ತದೆ. ಬಾಲೂ ಅವರ ಬದುಕಿನಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿತು. ಪ್ರತಿ ಸಲವೂ ಅದನ್ನು ತೀರ್ಮಾನಿಸಿದವರು ಬೇರೆಯವರು.

ಹುಟ್ಟು ಮತ್ತು ಬಾಲ್ಯ

ಬಾಲೂ ಹುಟ್ಟಿದ್ದು 1876ರಲ್ಲಿ. ಅದು ಧಾತು ಸಂವತ್ಸರದ ಬರ ಶುರುವಾದ ವರ್ಷ. ಬಳ್ಳಾರಿ, ಧಾರವಾಡ ಸೀಮೆಗಳಲ್ಲಿ ಜನ ಅನ್ನವಿಲ್ಲದೆ ಸತ್ತ ಕಾಲ. ಆಗ ನಮ್ಮ ಹೊಸಪೇಟೆ, ಕಂಪ್ಲಿಗಳು ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಸಂಡೂರು ಘೋರ್ಪಡೆಯವರ ಸಂಸ್ಥಾನವಾಗಿತ್ತು. ಧಾರವಾಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಬಾಲೂ ಅವರ ಮನೆತನದ ಮೂಲ ಕೊಂಕಣ ತೀರದ ಪಲ್ವಣ ಎಂಬ ಹಳ್ಳಿ. ಪಲ್ವಂಕರ್ ಎಂಬ ಅಡ್ಡಹೆಸರು ಬಂದದ್ದು ಆ ಊರಿನಿಂದ. ಅವರದು ಚಮ್ಮಾರ ಸಮುದಾಯ. ಆ ಕಾಲದ ಸಮಾಜ ಅವರನ್ನು ಅಸ್ಪೃಶ್ಯರೆಂದು ದೂರ ಇಟ್ಟಿತ್ತು. ತಂದೆಗೆ ಸೈನ್ಯದಲ್ಲಿ ಕೆಲಸವಿದ್ದುದರಿಂದ ಸಂಸಾರ ಪುಣೆಯಲ್ಲಿ ನೆಲೆಸಿತು.

ಅಲ್ಲಿ ಬ್ರಿಟಿಷ್ ಅಧಿಕಾರಿಗಳು ಬಿಸಾಡಿದ ಹಳೆಯ ಬ್ಯಾಟು, ಚೆಂಡುಗಳಿಂದ ಬಾಲೂ ಮತ್ತು ತಮ್ಮ ಶಿವರಾಮ್ ಆಟ ಕಲಿತರು. ಮನೆಯಲ್ಲಿ ಓದಿಸುವಷ್ಟು ಅನುಕೂಲವಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಬಾಲೂ ಕೆಲಸಕ್ಕೆ ಸೇರಬೇಕಾಯಿತು. ಪುಣೆಯ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಮೈದಾನ ಗುಡಿಸುವುದು, ಪಿಚ್ಚಿಗೆ ರೋಲರ್ ಎಳೆಯುವುದು ಅವರ ಕೆಲಸ. ಸಂಬಳ ತಿಂಗಳಿಗೆ 3 ರೂಪಾಯಿ. ಬಿಡುವಿದ್ದಾಗ ಸದಸ್ಯರಿಗೆ ಒಂದಿಷ್ಟು ಚೆಂಡು ಎಸೆಯಲು ಅವಕಾಶ ಸಿಗುತ್ತಿತ್ತು.

ಎಂಟಾಣೆಯ ವಿಕೆಟ್

1892ರ ಸುಮಾರಿಗೆ ಬಾಲೂ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಬಂದರು. ಸಂಬಳ ಒಂದು ರೂಪಾಯಿ ಹೆಚ್ಚಿ 4 ಆಯಿತು. ರೋಲರ್ ಎಳೆಯುವುದು, ನೆಟ್ ಕಟ್ಟುವುದು, ಪಿಚ್ಚಿಗೆ ಗೆರೆ ಹಾಕುವುದು, ಟೆನ್ನಿಸ್ ಅಂಗಳಕ್ಕೆ ಸುಣ್ಣ ಬಳಿಯುವುದು, ಎಲ್ಲವೂ ಅವರದೇ ಹೊಣೆ. ನೆಟ್‌ನಲ್ಲಿ ಚೆಂಡು ಎಸೆಯಲು ಒಬ್ಬ ಸದಸ್ಯ ಅವರಿಗೆ ಉತ್ತೇಜನ ಕೊಟ್ಟರು. ಅಂದಿನಿಂದ ಬಾಲೂ ದಿನವೂ ಎಸೆಯತೊಡಗಿದರು.

ಅವರದು ನಿಧಾನಗತಿಯ ಎಡಗೈ ಸ್ಪಿನ್. ಚೆಂಡನ್ನು ಗಾಳಿಯಲ್ಲಿ ತೇಲಿಸಿ, ಬಿದ್ದ ಮೇಲೆ ತಿರುಗಿಸಿ, ವೇಗದಲ್ಲಿ ಸ್ವಲ್ಪ ಸ್ವಲ್ಪ ವ್ಯತ್ಯಾಸ ಮಾಡಿ ಬ್ಯಾಟ್ಸ್‌ಮನ್‌ಗಳನ್ನು ಮುಂದಕ್ಕೆ ಎಳೆಯುವ ಕಲೆ. ಆ ಕ್ಲಬ್ಬಿನ ದೊಡ್ಡ ಬ್ಯಾಟ್ಸ್‌ಮನ್ ಕ್ಯಾಪ್ಟನ್ ಜಾನ್ ಗ್ಲೆನಿ ಗ್ರೆಗ್. ಮುಂದೆ ಇಂಗ್ಲೆಂಡಿನ ಹ್ಯಾಂಪ್‌ಶೈರ್ ಕೌಂಟಿಯ ಪರವಾಗಿ ಆಡಿದವರು. ಅವರ ಹೆಸರು ಇಲ್ಲಿಯ ಜನರ ಬಾಯಲ್ಲಿ ಜಂಗ್ಲಿ ಎಂದಾಗಿತ್ತು. ಈ ಗ್ರೆಗ್ ಸಾಹೇಬರು ಬೇರೆಯವರಿಗಿಂತ ಮುಂಚೆಯೇ ಮೈದಾನಕ್ಕೆ ಬಂದು ಬಾಲೂ ಅವರ ಎಸೆತಕ್ಕೆ ಅಭ್ಯಾಸ ಮಾಡುತ್ತಿದ್ದರು. ತಮ್ಮನ್ನು ಔಟ್ ಮಾಡಿದ ಪ್ರತಿ ಸಲಕ್ಕೂ ಎಂಟಾಣೆ ಕೊಡುತ್ತಿದ್ದರೆಂದು ಪ್ರತೀತಿ. ತಿಂಗಳ ಸಂಬಳ 4 ರೂಪಾಯಿ ಇರುವಾಗ ಎಂಟು ಸಲ ಸಾಹೇಬರನ್ನು ಔಟ್ ಮಾಡಿದರೆ ಇನ್ನೊಂದು ತಿಂಗಳ ಸಂಬಳವೇ ಕೈಗೆ ಬಂದಂತೆ. ಬಾಲೂ ಅವರ ಕೈ ಪಳಗಿದ್ದು ಹೀಗೆ.

ಒಂದು ಮಾತನ್ನು ಇಲ್ಲಿ ಮರೆಯಬಾರದು. ವರ್ಷಗಟ್ಟಲೆ ಸಾವಿರಾರು ಚೆಂಡು ಎಸೆದ ಬಾಲೂ ಅವರಿಗೆ ಆ ಕ್ಲಬ್ಬಿನಲ್ಲಿ ಬ್ಯಾಟ್ ಹಿಡಿಯುವ ಅವಕಾಶ ಸಿಗಲಿಲ್ಲ. ಬ್ಯಾಟಿಂಗ್ ದೊರೆಗಳ ಆಟ, ಬೌಲಿಂಗ್ ಆಳುಗಳ ಕೆಲಸ ಎಂಬುದು ಆಗಿನ ರೂಢಿ. ಇಂಗ್ಲೆಂಡಿನಲ್ಲೂ ಬೌಲಿಂಗಿನ ಹೊರೆ ಬಹುಪಾಲು ಕೂಲಿಗೆ ಆಡುವವರ ಹೆಗಲ ಮೇಲೇ ಇತ್ತು.

ಮೊದಲ ಪ್ರಶ್ನೆ: ತೆಗೆದುಕೊಳ್ಳಬೇಕೇ?

ಪುಣೆಯ ಹಿಂದೂಗಳ ತಂಡಕ್ಕೆ ಯುರೋಪಿಯನ್ನರನ್ನು ಸೋಲಿಸುವ ಆಸೆ. ಅದಕ್ಕೆ ಬೇಕಾದ ಬೌಲರ್ ಎದುರಿಗೇ ಇದ್ದಾನೆ, ಆದರೆ ಆತ ಚಮ್ಮಾರ. ತಂಡದಲ್ಲಿ ಎರಡು ಗುಂಪಾಯಿತು. ತೆಲುಗು ಮಾತಾಡುವ ಸದಸ್ಯರು ಅವರನ್ನು ಸೇರಿಸಿಕೊಳ್ಳೋಣ ಎಂದರು. ಬ್ರಾಹ್ಮಣ ಸದಸ್ಯರಲ್ಲಿ ಅನೇಕರು ಬೇಡವೆಂದರು. ಇಂಥ ಬೌಲರ್‌ನನ್ನು ಬಿಟ್ಟರೆ ಹಿಂದೂಗಳಷ್ಟು ಮೂರ್ಖರು ಯಾರೂ ಇರಲಾರರು ಎಂಬ ಅರ್ಥದಲ್ಲಿ ಗ್ರೆಗ್ ಪತ್ರಿಕೆಗೆ ಹೇಳಿಕೆ ಕೊಟ್ಟರು. ಕಡೆಗೆ ಬಾಲೂ ತಂಡಕ್ಕೆ ಬಂದರು.

ಬಂದರು ನಿಜ, ಆದರೆ ಮೈದಾನದ ಒಳಗೆ ಮಾತ್ರ. ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಉಳಿದವರು ಪೆವಿಲಿಯನ್ನಿನ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರೆ, ಬಾಲೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಮುಖ ತೊಳೆಯಬೇಕೆಂದರೆ ಅವರದೇ ಸಮಾಜದ ಆಳು ಮೈದಾನದ ಮೂಲೆಯಲ್ಲಿ ನೀರು ಹಿಡಿದು ನಿಂತಿರಬೇಕು. ಇದೆಲ್ಲ ಅವರು ತಂಡಕ್ಕೆ ವಿಕೆಟ್ ಮೇಲೆ ವಿಕೆಟ್ ತಂದುಕೊಡುತ್ತಿದ್ದ ದಿನಗಳಲ್ಲಿ.

ಸಾತಾರಾದ ಯುರೋಪಿಯನ್ನರ ಮೇಲಿನ ಪಂದ್ಯ ಈ ಪದ್ಧತಿಯನ್ನು ಅಲುಗಾಡಿಸಿತು. ಬಾಲೂ ಅವರ ಸ್ಪಿನ್ ನಡೆಯಬಾರದೆಂದು ಸಾತಾರಾದವರು ಪಿಚ್ಚಿಗೆ ದಿನಗಟ್ಟಲೆ ರೋಲರ್ ಹೊಡೆಸಿ ಗಟ್ಟಿ ಮಾಡಿದ್ದರಂತೆ. ಆದರೂ ಬಾಲೂ 7 ವಿಕೆಟ್ ಕಿತ್ತರು, ಪುಣೆಯ ಹಿಂದೂಗಳು ಗೆದ್ದರು. ಆ ಬಳಿಕ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಸಾರ್ವಜನಿಕವಾಗಿ ಬಾಲೂ ಅವರನ್ನು ಗೌರವಿಸಿದರು. ಒಟ್ಟಿಗೆ ಆಡಬಹುದಾದರೆ ಒಟ್ಟಿಗೆ ಉಣ್ಣಲು ಏನು ಅಡ್ಡಿ ಎಂಬುದು ಅವರ ವಾದವಾಗಿತ್ತು. ಬಾಲ ಗಂಗಾಧರ ತಿಲಕರೂ ಸಭೆಯೊಂದರಲ್ಲಿ ಬಾಲೂ ಅವರನ್ನು ಹೊಗಳಿದರು. ನಿಧಾನವಾಗಿ ಮಣ್ಣಿನ ಕುಡಿಕೆ ಮರೆಯಾಯಿತು.

ಮುಂಬಯಿಯ ದಿನಗಳು

1896ರಲ್ಲಿ ಪ್ಲೇಗ್ ಬಂತು. ಬಾಲೂ ಪುಣೆ ಬಿಟ್ಟು ಮುಂಬಯಿ ಸೇರಿದರು. ಮೊದಲು ಸೈನ್ಯದಲ್ಲಿ, ಆಮೇಲೆ ಮುಂಬಯಿ-ಬರೋಡಾ ರೈಲ್ವೆಯಲ್ಲಿ ಕೆಲಸ. ಎರಡೂ ಕಡೆ ಅವರ ಚೆಂಡೇ ಅವರಿಗೆ ಅನ್ನ ಕೊಟ್ಟಿತು. ಪರಮಾನಂದದಾಸ ಜೀವನದಾಸ ಹಿಂದೂ ಜಿಮ್ಖಾನಾ ಸೇರುವಾಗ ಅಲ್ಲಿಯೂ ಕೆಲವರು ತಕರಾರು ತೆಗೆದರು. ನಾಯಕ ಕೀರ್ತಿಕರ್ ಅವರು ಬೆಂಬಲಕ್ಕೆ ನಿಂತು ಸೇರಿಸಿಕೊಂಡರು. ತಮ್ಮಂದಿರಾದ ಶಿವರಾಮ್, ಗಣಪತ್, ವಿಠ್ಠಲ್ ಕೂಡ ಮುಂದೆ ಹಿಂದೂ ತಂಡಕ್ಕೆ ಆಡಿದರು.

ಆ ಕಾಲದ ಕ್ರಿಕೆಟ್ ತಂಡಗಳು ಧರ್ಮದ ಹೆಸರಿನವು. ಯುರೋಪಿಯನ್ನರು, ಪಾರ್ಸಿಗಳು ಮೊದಲು ಆಡುತ್ತಿದ್ದರು. 1907ರಲ್ಲಿ ಹಿಂದೂಗಳು ಸೇರಿ ತ್ರಿಕೋನ ಪಂದ್ಯಾವಳಿಯಾಯಿತು, 1912ರಲ್ಲಿ ಮುಸ್ಲಿಮರು ಸೇರಿ ಚತುಷ್ಕೋನವಾಯಿತು. ಇದಕ್ಕೂ ಮುಂಚೆ, 1906ರಲ್ಲಿ, ಹಿಂದೂಗಳು ಮುಂಬಯಿಯಲ್ಲಿ ಯುರೋಪಿಯನ್ನರನ್ನು ಎದುರಿಸಿದರು. ಹಿಂದೂಗಳ ರನ್ನು 242 ಮತ್ತು 160, ಯುರೋಪಿಯನ್ನರದು 191 ಮತ್ತು 102. ಗೆಲುವಿನ ಅಂತರ 109 ರನ್. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಸಂಭ್ರಮ ಮುಂಬಯಿ ತುಂಬಾ ಹರಡಿತು. ಆ ಗೆಲುವಿಗೆ ಬಾಲೂ ಅವರ ಬೌಲಿಂಗೇ ದೊಡ್ಡ ಆಸರೆ. ಮುಂಬಯಿಯ ಸುಧಾರಕರ ಪತ್ರಿಕೆ ಇಂಡಿಯನ್ ಸೋಶಿಯಲ್ ರಿಫಾರ್ಮರ್ ಈ ಗೆಲುವನ್ನು ಜಾತಿಯ ಗೋಡೆ ಸಡಿಲವಾದ ಫಲವೆಂದೇ ಕಂಡಿತು.

ಲೆಕ್ಕ ಹಾಕಿ ನೋಡಿ. ದಾಖಲೆಗೆ ಸೇರುವ ಪ್ರಥಮ ದರ್ಜೆಯ ಪಂದ್ಯಗಳು ಬಾಲೂ ಅವರಿಗೆ ಸಿಕ್ಕತೊಡಗಿದಾಗ ಅವರ ವಯಸ್ಸು 30ರ ಹತ್ತಿರ. ಎಳೆಯ ಬೌಲರ್‌ನ ಹುರುಪಿನ ವರ್ಷಗಳೆಲ್ಲ ಸಾಹೇಬರ ನೆಟ್‌ಗಳಲ್ಲಿ ಕಳೆದಿದ್ದವು.

1911ರ ಇಂಗ್ಲೆಂಡ್ ಪ್ರವಾಸ

1911ರಲ್ಲಿ ಮೊದಲ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೊರಟಿತು. ನಾಯಕ ಪಟಿಯಾಲದ ಎಳೆಯ ಮಹಾರಾಜ ಭೂಪಿಂದರ್ ಸಿಂಗ್. ತಂಡದಲ್ಲಿ ಪಾರ್ಸಿ, ಹಿಂದೂ, ಮುಸ್ಲಿಮ್ ಆಟಗಾರರಿದ್ದರು. ಬಾಲೂ ಮತ್ತು ಶಿವರಾಮ್ ಇಬ್ಬರೂ ಇದ್ದರು. ಬಾಲೂ ಅವರಿಗೆ ಆಗ 35 ವರ್ಷ.

ಇಂಗ್ಲೆಂಡಿನಲ್ಲಿ ಕೌಂಟಿ ಎಂದರೆ ನಮ್ಮ ಜಿಲ್ಲೆಯಿದ್ದ ಹಾಗೆ. ಪ್ರತಿ ದೊಡ್ಡ ಕೌಂಟಿಗೂ ಸ್ವಂತ ಕ್ರಿಕೆಟ್ ಕ್ಲಬ್, ಮೈದಾನ, ಸಂಬಳದ ಆಟಗಾರರು. ಭಾರತದ ತಂಡ ಒಂದಾದ ಮೇಲೊಂದು ಕೌಂಟಿಯ ಎದುರು ಆಡಿತು. ಹೊಸ ಹವೆ, ಚಳಿ, ಒದ್ದೆ ಪಿಚ್. ಒಟ್ಟು 23 ಪಂದ್ಯಗಳಲ್ಲಿ 6 ಗೆಲುವು, 15 ಸೋಲು, 2 ಡ್ರಾ. ಸೋತ ತಂಡದಲ್ಲಿ ಒಬ್ಬ ಬೌಲರ್ ಮಾತ್ರ ಸೋಲಲಿಲ್ಲ. ಬಾಲೂ ಆ ಬೇಸಿಗೆಯಲ್ಲಿ 114 ವಿಕೆಟ್ ಪಡೆದರು, ಸರಾಸರಿ 18.84. ಪ್ರಥಮ ದರ್ಜೆಯ ಪಂದ್ಯಗಳಲ್ಲಿಯೇ 75 ವಿಕೆಟ್. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನಿಂಗ್ಸಿನಲ್ಲಿ 8 ವಿಕೆಟ್. ಲೆಸ್ಟರ್‌ಶೈರ್ ಕೌಂಟಿಯ ವಿರುದ್ಧ ಪಂದ್ಯದಲ್ಲಿ 11 ವಿಕೆಟ್, ಭಾರತಕ್ಕೆ 7 ವಿಕೆಟ್‌ಗಳ ಗೆಲುವು. ಸಾಮರ್‌ಸೆಟ್ ಕೌಂಟಿಯನ್ನು ಒಂದು ವಿಕೆಟ್ ಅಂತರದಿಂದ ಸೋಲಿಸಿದಾಗ ಶಿವರಾಮ್ ಶತಕ ಹೊಡೆದಿದ್ದರು. ಪುಣೆಯ ಪೂನಾ ಕ್ಲಬ್ಬಿನಲ್ಲಿ ಬ್ಯಾಟ್ ಕೈಗೆ ಕೊಡದೆ ಇದ್ದದ್ದು ಈ ಅಣ್ಣನಿಗೇ.

ಮರಳಿ ಬಂದಾಗ ಮುಂಬಯಿಯ ದಲಿತ ಸಮುದಾಯಗಳು ಬಾಲೂ ಅವರನ್ನು ಸನ್ಮಾನಿಸಿದವು. ಆ ಸಮಾರಂಭದ ಮಾನಪತ್ರ ಸಿದ್ಧಪಡಿಸಿದವರಲ್ಲಿ ಭೀಮರಾವ್ ಅಂಬೇಡ್ಕರ್ ಎಂಬ ವಿದ್ಯಾರ್ಥಿಯೂ ಇದ್ದರೆಂದು ಹೇಳುತ್ತಾರೆ. ಆಟದ ಮೈದಾನದಲ್ಲಿ ತಲೆಯೆತ್ತಿ ನಿಂತ ತಮ್ಮವನೊಬ್ಬನನ್ನು ಆ ತರುಣ ಹೆಮ್ಮೆಯಿಂದ ನೋಡಿದ್ದರು.

ನಾಯಕನ ಪಟ್ಟ ಮತ್ತು 1920

ಆ ಪ್ರವಾಸದ ಬಳಿಕ ಹಿಂದೂ ತಂಡದಲ್ಲಿ ಬಾಲೂ ಅವರಷ್ಟು ಅನುಭವಿ ಇನ್ನೊಬ್ಬರಿರಲಿಲ್ಲ. ಆದರೂ ನಾಯಕನ ಪಟ್ಟ ಅವರಿಗೆ ಬರಲಿಲ್ಲ. ವರ್ಷ ವರ್ಷವೂ ಬೇರೊಬ್ಬರನ್ನು ಆರಿಸಿದರು. ನಾಯಕರಾಗಿದ್ದ ಎಂ.ಡಿ. ಪೈ ಅವರೇ ತಮಗೆ ನಡೆದ ಸನ್ಮಾನದ ಸಭೆಯಲ್ಲಿ, ಹಿರಿಯರೂ ಅನುಭವಿಗಳೂ ಆದ ಬಾಲೂ ಅವರಿಗೆ ಈ ಗೌರವ ಸಲ್ಲಬೇಕಿತ್ತೆಂದು ಒಪ್ಪಿಕೊಂಡರು. ಇಂಗ್ಲೆಂಡಿನ ಕೌಂಟಿಗಳಲ್ಲಿಯೂ ಸಂಬಳಕ್ಕೆ ಆಡುವವನು ನಾಯಕನಾಗುವುದು ಅಪರೂಪವೇ ಆಗಿತ್ತು. ಆಟಕ್ಕೆ ಹಣ ಪಡೆಯದ ಶ್ರೀಮಂತರಿಗೇ ಆ ಪಟ್ಟ. ಸಂಬಳದ ಆಟಗಾರನೊಬ್ಬ ಇಂಗ್ಲೆಂಡ್ ತಂಡದ ಕಾಯಂ ನಾಯಕನಾದದ್ದು 1952ರಲ್ಲಿ, ಲೆನ್ ಹಟನ್ ಅವರ ಕಾಲಕ್ಕೆ. ಅಲ್ಲಿ ವರ್ಗ, ಇಲ್ಲಿ ಜಾತಿ.

1920ರ ಚತುಷ್ಕೋನದ ಹೊತ್ತಿಗೆ ಬಾಲೂ ಅವರಿಗೆ 44 ವರ್ಷ. ನಾಯಕ ಪೈ ಅವರಿಗೆ ಕಾಯಿಲೆ. ಆಯ್ಕೆ ಸಮಿತಿ ಬಾಲೂ ಅವರನ್ನು ತಂಡದಿಂದಲೇ ಕೈಬಿಟ್ಟಿತು. ಆಗಿನ ಹಿಂದೂ ಬ್ಯಾಟ್ಸ್‌ಮನ್‌ಗಳಲ್ಲಿ ಮುಂಚೂಣಿಯಲ್ಲಿದ್ದ ತಮ್ಮ ವಿಠ್ಠಲ್ ಅವರನ್ನು ಬಿಟ್ಟು, ಅವರಿಗಿಂತ ಕಿರಿಯರಾದ ಡಿ.ಬಿ. ದೇವಧರ್ ಅವರಿಗೆ ನಾಯಕತ್ವ ಕೊಟ್ಟಿತು.

44 ವರ್ಷದ ಬೌಲರ್‌ನನ್ನು ಬಿಡುವುದು ತಪ್ಪೇ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ವೇಗದ ಬೌಲರ್ ಆಗಿದ್ದರೆ ಉತ್ತರ ಸುಲಭ. ವೇಗದ ಬೌಲರ್ ಓಡಿ ಬಂದು ಮುಂಗಾಲು ಊರುವಾಗ ಮೈಭಾರದ ಹಲವು ಪಟ್ಟು ಒತ್ತಡ ಮೊಣಕಾಲು, ಪಾದ, ಸೊಂಟಗಳ ಮೇಲೆ ಬೀಳುತ್ತದೆ. ದಿನಕ್ಕೆ ನೂರು ಸಲ ಹೀಗಾದರೆ 30 ದಾಟಿದ ಮೇಲೆ ದೇಹ ಮಾತು ಕೇಳುವುದಿಲ್ಲ. ಕೌಂಟಿಗಳಿಗೆ ಪ್ರತಿ ವರ್ಷದ ಕೊನೆಯಲ್ಲಿ ಇದೇ ತಲೆನೋವು: ಹಳೆಯ ವೇಗಿಯನ್ನು ಇನ್ನೊಂದು ವರ್ಷ ಇಟ್ಟುಕೊಳ್ಳಬೇಕೇ, ಆ ಸಂಬಳದಲ್ಲಿ ಎಳೆಯನೊಬ್ಬನನ್ನು ಬೆಳೆಸಬೇಕೇ? ಸ್ಪಿನ್ನರ್‌ನ ಲೆಕ್ಕ ಬೇರೆ. ಅವನ ಬಂಡವಾಳ ಬೆರಳು, ಮಣಿಕಟ್ಟು ಮತ್ತು ತಲೆ. ವರ್ಷ ಕಳೆದಂತೆ ಅನುಭವ ಹೆಚ್ಚುತ್ತದೆ.

ಬಾಲೂ ಅವರಿಗಿಂತ ಒಂದು ವರ್ಷ ಚಿಕ್ಕವರಾದ ವಿಲ್ಫ್ರೆಡ್ ರೋಡ್ಸ್ ಅವರೂ ನಿಧಾನಗತಿಯ ಎಡಗೈ ಬೌಲರ್. ಯಾರ್ಕ್‌ಶೈರ್ ಕೌಂಟಿ ಅವರನ್ನು 1898ರಿಂದ 1930ರವರೆಗೆ ಉಳಿಸಿಕೊಂಡಿತು. 1926ರಲ್ಲಿ, 48ನೇ ವಯಸ್ಸಿನಲ್ಲಿ, ಅವರನ್ನು ಇಂಗ್ಲೆಂಡ್ ತಂಡಕ್ಕೆ ಮತ್ತೆ ಕರೆದರು. ಓವಲ್ ಮೈದಾನದ ಕೊನೆಯ ಟೆಸ್ಟಿನಲ್ಲಿ ಅವರು ಆಸ್ಟ್ರೇಲಿಯಾದ 6 ವಿಕೆಟ್ ಕಿತ್ತು ಸರಣಿ ಗೆಲ್ಲಲು ನೆರವಾದರು. 1930ರಲ್ಲಿ ಕೊನೆಯ ಟೆಸ್ಟ್ ಆಡಿದಾಗ ಅವರಿಗೆ 52 ವರ್ಷ. ಅದೇ ಕೌಂಟಿಯ ಎಡಗೈ ವೇಗಿ ಜಾರ್ಜ್ ಹರ್ಸ್ಟ್ ಕೂಡ 50ರ ಹತ್ತಿರದವರೆಗೆ ಆಡಿ, ಆಮೇಲೆ ಈಟನ್ ಶಾಲೆಯ ಹುಡುಗರಿಗೆ ಆಟ ಕಲಿಸಲು ಹೋದರು. ಯಾರ್ಕ್‌ಶೈರ್ ತನ್ನ ಆಟಗಾರರಿಗೆ ಪಂದ್ಯಗಳಿಲ್ಲದ ಚಳಿಗಾಲದಲ್ಲಿಯೂ ಸಂಬಳ ಕೊಡುವ ಪದ್ಧತಿ ತಂದಿತ್ತು. ಬಹುಕಾಲ ಸೇವೆ ಮಾಡಿದವನಿಗೆ ಒಂದು ಪಂದ್ಯದ ಟಿಕೆಟ್ ಹಣವನ್ನು ಸಹಾಯಾರ್ಥವಾಗಿ ಕೊಡುವ ರೂಢಿ ಕೌಂಟಿಗಳಲ್ಲಿತ್ತು. ಎಲ್ಲ ಕೌಂಟಿಗಳೂ ದಯಾಳುಗಳಾಗಿರಲಿಲ್ಲ, ಬಡತನದಲ್ಲಿ ಕೊನೆಯುಸಿರೆಳೆದ ಹಳೆಯ ಆಟಗಾರರೂ ಇದ್ದರು. ಆದರೂ ಇಟ್ಟುಕೊಳ್ಳುವುದಕ್ಕೂ ಬಿಡುವುದಕ್ಕೂ ಒಂದು ರೀತಿ ನೀತಿ ಇತ್ತು. ಆಟಗಾರ ತನ್ನ ಕೈಯಲ್ಲಿ ಇನ್ನೂ ಏನಿದೆ ಎಂದು ತೋರಿಸಿದರೆ ಕೇಳುವ ಕಿವಿ ಇತ್ತು.

ಬಾಲೂ ಅವರನ್ನು ಕೈಬಿಟ್ಟದ್ದು ಈ ಅಳತೆಯಿಂದಲೇ ಎಂದು ಒಪ್ಪುವುದು ಕಷ್ಟ. ವಯಸ್ಸೇ ಕಾರಣವಾಗಿದ್ದರೆ ವಿಠ್ಠಲ್ ಅವರನ್ನು ಹಿಂದಕ್ಕೆ ತಳ್ಳಬೇಕಾಗಿರಲಿಲ್ಲ. ಅವರಿಗೆ ಆಗ ವಯಸ್ಸಾಗಿರಲಿಲ್ಲ. ತಮ್ಮಂದಿರು ಸುಮ್ಮನಿರಲಿಲ್ಲ. ವಿಠ್ಠಲ್ ಮತ್ತು ಶಿವರಾಮ್ ಇಬ್ಬರೂ ತಂಡದಿಂದ ಹೊರಗೆ ಬಂದು, ಜಾತಿಯ ಕಾರಣಕ್ಕೆ ಆದ ಅವಮಾನವನ್ನು ಸಹಿಸುವುದಿಲ್ಲವೆಂದು ಬಹಿರಂಗವಾಗಿ ಸಾರಿದರು. ಪತ್ರಿಕೆಗಳಲ್ಲಿ ಚರ್ಚೆ ಎದ್ದಿತು. ಜನ ಅವರ ಪರ ಮಾತಾಡಿದರು. ಸಮಿತಿ ಇಳಿದು ಬಂತು. ಅದೇ ಪಂದ್ಯಾವಳಿಯ ಅಂತಿಮ ಪಂದ್ಯಕ್ಕೆ ಪೈ ನಾಯಕರಾಗಿ ಮರಳಿದರು, ತಮ್ಮಂದಿರು ಮರಳಿದರು, ಬಾಲೂ ಅವರನ್ನು ಕರೆದು ಉಪನಾಯಕನ ಸ್ಥಾನ ಕೊಟ್ಟರು. ಪೈ ಮೈದಾನದಿಂದ ಹೊರಗೆ ಹೋದ ಹೊತ್ತಿನಲ್ಲಿ ಬಾಲೂ ತಂಡವನ್ನು ಮುನ್ನಡೆಸಿದರು. ಮುದುಕನೆಂದು ಬಿಟ್ಟಿದ್ದರೆ ಅಷ್ಟರಲ್ಲಿ ಅವರೇನು ತರುಣರಾಗಿಬಿಟ್ಟರೇ? ಬದಲಾದದ್ದು ಸಮಿತಿಯ ಮೇಲಿನ ಒತ್ತಡ.

ಆ ಋತುವಿನೊಂದಿಗೆ ಬಾಲೂ ಅವರ ದೊಡ್ಡ ಆಟ ಮುಗಿಯಿತು. 33 ಪ್ರಥಮ ದರ್ಜೆ ಪಂದ್ಯ, 179 ವಿಕೆಟ್, ಸರಾಸರಿ 15.21. ಅದರಲ್ಲಿ 75 ವಿಕೆಟ್ ಇಂಗ್ಲೆಂಡಿನ ಒಂದೇ ಬೇಸಿಗೆಯವು. ಉಳಿದ ವರ್ಷಗಳಲ್ಲಿ ಅವರಿಗೆ ಸಿಕ್ಕ ಪಂದ್ಯಗಳೇ ಬೆರಳೆಣಿಕೆಯಷ್ಟು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ, ಆಗ ಅವರಿಗೆ 56. ಟೆಸ್ಟ್ ಆಟಗಾರನೆಂಬ ಹೆಸರು ಅವರ ಪಾಲಿಗೆ ಬರಲಿಲ್ಲ.

ಆದರೆ ಅಣ್ಣನಿಗೆ ದಕ್ಕದ್ದು ತಮ್ಮನಿಗೆ ದಕ್ಕಿತು. 1923ರಲ್ಲಿ ವಿಠ್ಠಲ್ ಹಿಂದೂ ತಂಡದ ನಾಯಕರಾದರು. ಯುರೋಪಿಯನ್ನರನ್ನು ಸೋಲಿಸಿದ ದಿನ ಅಭಿಮಾನಿಗಳು ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಒಂದು ಕಾಲಕ್ಕೆ ಆ ಮನೆಯವರು ಮುಟ್ಟಿದ ಕುಡಿಕೆಯನ್ನು ಎಸೆಯಲಾಗುತ್ತಿತ್ತು.

ಆಟದ ಆಚೆಗೆ

ಆಟ ಬಿಟ್ಟ ಮೇಲೆ ಬಾಲೂ ಮುಂಬಯಿಯ ಸಾರ್ವಜನಿಕ ಬದುಕಿಗೆ ಬಂದರು. ತಮ್ಮ ಸಮುದಾಯದ ಮುಖಂಡರೆನಿಸಿದರು. ಹಿಂದೂ ಸಮಾಜದ ಒಳಗಿದ್ದುಕೊಂಡೇ ಸಮಾನತೆ ಪಡೆಯಬೇಕೆಂಬುದು ಅವರ ನಿಲುವು. ಒಂದು ಕಾಲಕ್ಕೆ ಅವರನ್ನು ಹೆಮ್ಮೆಯಿಂದ ಕಂಡಿದ್ದ ಅಂಬೇಡ್ಕರ್ ಬೇರೆ ದಾರಿ ಹಿಡಿದಿದ್ದರು. 1932ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕುಳಿತಾಗ ನಡೆದ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಲೂ ಅವರೂ ಒಬ್ಬರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಮುಂಬಯಿಯಲ್ಲಿ ಅಂಬೇಡ್ಕರ್ ಎದುರೇ ನಿಲ್ಲಿಸಿತು. ಸುಮಾರು 2,000 ಮತಗಳಿಂದ ಅಂಬೇಡ್ಕರ್ ಗೆದ್ದರು.

ಇಲ್ಲಿಯೂ ಬಾಲೂ ಅವರ ಹೆಸರನ್ನು ಬೇರೆಯವರು ತಮ್ಮ ಅಗತ್ಯಕ್ಕೆ ಬಳಸಿಕೊಂಡರೇ ಎಂಬ ಪ್ರಶ್ನೆ ಏಳುತ್ತದೆ. ಆದರೆ ಅವರ ನಿಲುವು ಅವರದೇ. ಮೈದಾನದಲ್ಲಿ ತಾಳ್ಮೆಯಿಂದ ಆಡಿ ಎದುರಾಳಿಯ ಮನಸ್ಸು ಗೆದ್ದವರು, ಸಮಾಜವೂ ಹಾಗೆಯೇ ಬದಲಾದೀತೆಂದು ನಂಬಿದ್ದರೆ ಆಶ್ಚರ್ಯವಿಲ್ಲ. ಅಂಬೇಡ್ಕರ್ ಅಷ್ಟು ಕಾಯಲು ಸಿದ್ಧರಿರಲಿಲ್ಲ. ಇಬ್ಬರ ಅನುಭವವೂ ಸುಳ್ಳಲ್ಲ.

1955ರ ಜುಲೈ ತಿಂಗಳಲ್ಲಿ ಬಾಲೂ ಮುಂಬಯಿಯಲ್ಲಿ ತೀರಿಕೊಂಡರು. ಅಷ್ಟರಲ್ಲಿ ದೇಶ ಸ್ವತಂತ್ರವಾಗಿತ್ತು, ಅಸ್ಪೃಶ್ಯತೆಯನ್ನು ಸಂವಿಧಾನ ನಿಷೇಧಿಸಿತ್ತು. ಅದೇ ವರ್ಷ ಅಸ್ಪೃಶ್ಯತೆಯ ಆಚರಣೆಯನ್ನು ಅಪರಾಧವೆಂದು ಸಾರುವ ಕಾಯ್ದೆಯೂ ಜಾರಿಗೆ ಬಂದಿತ್ತು. ಧರ್ಮದ ಹೆಸರಿನ ಪಂದ್ಯಾವಳಿಗಳು 1946ರಲ್ಲೇ ನಿಂತುಹೋಗಿದ್ದವು.

ನಮ್ಮ ಶಾಲೆಗೆ ಈ ಬದುಕು ಹೇಳುವುದೇನು?

ಶಾಲೆಯ ಆಟದಲ್ಲಿ ಗೆಲುವು ದೊಡ್ಡದಲ್ಲ ಎಂದು ನಾವು ಹೇಳುತ್ತೇವೆ. ಆದರೆ ತಂಡದ ಪಟ್ಟಿ ಬರೆಯುವ ದಿನ ಎಷ್ಟು ಮನೆಗಳಲ್ಲಿ ಹುಡುಗರು ಊಟ ಬಿಟ್ಟು ಮಲಗುತ್ತಾರೆಂಬುದು ತಾಯಂದಿರಿಗೆ ಗೊತ್ತು. ಪಟ್ಟಿ ಬರೆಯುವುದು ಸಣ್ಣ ಅಧಿಕಾರವಲ್ಲ. ಪುಣೆಯ ಸಮಿತಿ, ಮುಂಬಯಿಯ ಸಮಿತಿ ಮಾಡಿದ್ದೂ ಪಟ್ಟಿ ಬರೆಯುವ ಕೆಲಸವನ್ನೇ. ಒಮ್ಮೆ ಬೌಲಿಂಗ್ ನೋಡಿ ಬರೆದರು, ಗೆದ್ದರು. ಇನ್ನೊಮ್ಮೆ ಬೇರೇನೋ ನೋಡಿ ಬರೆದರು, ಮರ್ಯಾದೆ ಕಳೆದುಕೊಂಡರು.

ಆದ್ದರಿಂದ ಶಾಲೆಯ ಕ್ರೀಡಾ ಸಮಿತಿಗೆ, ಊರಿನ ಯುವಕ ಸಂಘಗಳಿಗೆ ಎರಡು ಮಾತು. ಒಂದು, ಯಾರನ್ನಾದರೂ ಬಿಡಬೇಕಾದರೆ ಕಾರಣವನ್ನು ಅವರ ಮುಖ ನೋಡಿ ಹೇಳಿ. ವಯಸ್ಸು ಕಾರಣವಾದರೆ ವಯಸ್ಸೆಂದೇ ಹೇಳಿ, ಎಸೆತ ಮೊಂಡಾಗಿದ್ದರೆ ಹಾಗೆಂದೇ ಹೇಳಿ. ಹೇಳಲು ನಾಚಿಕೆಯಾಗುವ ಕಾರಣವಿದ್ದರೆ ಆ ನಿರ್ಧಾರ ತಪ್ಪೆಂದು ತಿಳಿಯಿರಿ. ನಮ್ಮ ಊರುಗಳಲ್ಲಿ 40 ದಾಟಿದ ಅಣ್ಣಂದಿರು ಈಗಲೂ ಚೆಂಡು ತಿರುಗಿಸುತ್ತಾರೆ. ಅವರನ್ನು ಅಂಪೈರ್ ಮಾಡಿ ಕೂರಿಸುವ ಮುನ್ನ ಎರಡು ಓವರ್ ಎಸೆಯಲು ಕೊಟ್ಟು ನೋಡಿ. ಆಟ ನಿಜವಾಗಿ ಮುಗಿದಿದ್ದರೆ ಹುಡುಗರಿಗೆ ಕಲಿಸುವ ಕೆಲಸವನ್ನು ಗೌರವದಿಂದ ಒಪ್ಪಿಸಿ.

ಎರಡು, ಮೈದಾನಕ್ಕೆ ನೀರು ಹೊಡೆಯುವ, ಮುಳ್ಳು ಕೀಳುವ, ಗೆರೆ ಹಾಕುವ ಕೈಗಳ ಕಡೆ ಕಣ್ಣಿಡಿ. ತಿಂಗಳಿಗೆ 4 ರೂಪಾಯಿಗೆ ರೋಲರ್ ಎಳೆಯುತ್ತಿದ್ದ ಹುಡುಗನ ಬೆರಳಲ್ಲಿ ಏನಿದೆಯೆಂದು ಮೊದಲು ಕಂಡವರು ಅವನಿಗೆ ಒಂದು ಚೆಂಡು ಕೊಟ್ಟು ನೋಡಿದವರು. ಸುವರ್ಣ ಮಹೋತ್ಸವದ ಪಂದ್ಯಗಳಲ್ಲಿ ಆಡುವ ಮಕ್ಕಳೆಲ್ಲರಿಗೂ, ಆಡಿಸುವ ಗುರುಗಳಿಗೂ, ಮೈದಾನ ಕಾಯುವವರಿಗೂ ಶುಭವಾಗಲಿ.